ಕಾಗುಣಿತ ಕಲಿತವರ ಕಂಪ್ಯೂಟರ್ ಕಥೆ

ಪತ್ರಿಕೆಗಳ ಪುರವಣಿಗಳಲ್ಲಿ, ಕಾಲೇಜು ವಾರ್ಷಿಕೋತ್ಸವದ ಭಾಷಣಗಳಲ್ಲಿ, ಈಚೆಗೆ ಮೊಬೈಲಿನ ವಿಡಿಯೋಗಳಲ್ಲಿ ಒಂದು ಕಥೆಯನ್ನು ನಾವು ಮೂರು ದಶಕಗಳಿಂದ ಕೇಳುತ್ತಿದ್ದೇವೆ. ಹಳ್ಳಿಯ ಹುಡುಗ. ಅಪ್ಪನಿಗೆ ಎರಡೆಕರೆ ಖುಷ್ಕಿ ಜಮೀನು. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗ. ಪಿಯುಸಿಯಲ್ಲಿ ಇಂಗ್ಲಿಷ್ ಅರ್ಥವಾಗದೆ ಅಳು. ಆಮೇಲೆ ಎಂಜಿನಿಯರಿಂಗ್ ಸೀಟು, ಕಂಪ್ಯೂಟರು, ವೈಟ್‌ಫೀಲ್ಡಿನ ಗಾಜಿನ ಕಟ್ಟಡ, ಅಮೆರಿಕದ ವಿಮಾನ. ಕೊನೆಗೆ ಊರಿನಲ್ಲಿ ಅವ್ವನಿಗೊಂದು ತಾರಸಿ ಮನೆ.

ಈ ಕಥೆ ಸುಳ್ಳಲ್ಲ. ಇದನ್ನು ಬದುಕಿದವರು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಅವರ ಶ್ರಮವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ನಮ್ಮ ತಕರಾರು ಕಥೆಯನ್ನು ಹೇಳುವ ಕ್ರಮದ ಬಗ್ಗೆ. ಇದರಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು ಒಂದೇ ವಾಕ್ಯಕ್ಕೆ ಬಂದು ಹೋಗುತ್ತಾರೆ. ಹಾಸ್ಟೆಲಿನಲ್ಲಿ ಮುದ್ದೆ ಬೇಯಿಸಿದವರು ಬರುವುದೇ ಇಲ್ಲ. ಕಲಿತ ಭಾಷೆ, ದಾಟಿ ಬಂದ ಹಳ್ಳದಂತೆ, ಒಂದು ಅಡಚಣೆಯಾಗಿ ಮಾತ್ರ ಕಾಣುತ್ತದೆ. ಗಾಜಿನ ಕಟ್ಟಡ ಯಾರ ಹೊಲದ ಮೇಲೆ ನಿಂತಿದೆ ಎಂಬ ಪ್ರಶ್ನೆ ಏಳುವುದಿಲ್ಲ. ಒಬ್ಬನ ಬುದ್ಧಿ, ಒಬ್ಬ ತಾಯಿಯ ಕಣ್ಣೀರು, ಇವೆರಡರಿಂದಲೇ ಎಲ್ಲವೂ ಆಯಿತೆಂಬಂತೆ ಕಥೆ ಮುಗಿಯುತ್ತದೆ. ಇದೇ ಬದುಕನ್ನು ಕನ್ನಡದಲ್ಲಿ ಬೇರೆ ಬಗೆಯಲ್ಲಿ ಬಾಳಿದವರು, ಬರೆದವರು ಇದ್ದಾರೆಯೇ? ಇದ್ದರೆ ಅವರಿಂದ ನಾವು ಕಲಿಯಬೇಕಾದುದು ಏನು?

ಮೊದಲು ಆ ಹೊಲದ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಇಂಥ ಕಥೆಗಳ ಕೊನೆಯ ದೃಶ್ಯ ನಡೆಯುವುದು ಬಹುಪಾಲು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಇಲ್ಲವೇ ಮಹದೇವಪುರದ ಸೀಮೆಯಲ್ಲಿ. ಮಹದೇವಪುರಕ್ಕೆ ಹೋಗುವ ಬಸ್ಸುಗಳ ಬೋರ್ಡನ್ನು ಓದಿದರೆ ಸಾಕು: ಹೂಡಿ, ಕುಂದಲಹಳ್ಳಿ, ಗರುಡಾಚಾರ್‌ಪಾಳ್ಯ, ಪಟ್ಟಂದೂರು ಅಗ್ರಹಾರ, ಕಾಡುಗೋಡಿ, ವರ್ತೂರು. ಎಲ್ಲವೂ ಹಳ್ಳಿಗಳ ಹೆಸರೇ. ವೈಟ್‌ಫೀಲ್ಡ್ ಕೂಡ 1882ರಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿ ಬದುಕಲೆಂದು ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಹುಟ್ಟಿದ್ದು. ಪಕ್ಕದ ದೂರವಾಣಿನಗರಕ್ಕೆ ಆ ಹೆಸರು ಬಂದದ್ದು 1948ರಲ್ಲಿ ಸ್ಥಾಪನೆಯಾದ ಸರ್ಕಾರಿ ಟೆಲಿಫೋನ್ ಕಾರ್ಖಾನೆ ಐಟಿಐನಿಂದ. 1990ರ ದಶಕದ ಕೊನೆಗೆ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಬಾಗಿಲು ತೆರೆಯಿತು. 2007ರವರೆಗೆ ಮಹದೇವಪುರಕ್ಕೆ ತನ್ನದೇ ನಗರಸಭೆ ಇತ್ತು. ಆ ವರ್ಷ ಅದು ಬೃಹತ್ ಬೆಂಗಳೂರಿನಲ್ಲಿ ಸೇರಿಹೋಯಿತು. 2008ರಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರವಾಯಿತು. 2023ರಲ್ಲಿ ಮೆಟ್ರೋ ಬಂತು. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಹಂಚಿದಾಗ ಪೂರ್ವದ ಪಾಲಿಕೆಗೆ ಸೇರಿತು.

ಅಂದರೆ ಇಲ್ಲಿ ಎರಡು ಹಳ್ಳಿಗಳು ಮುಖಾಮುಖಿಯಾಗಿವೆ. ಒಂದು, ಹುಡುಗ ಬಿಟ್ಟುಬಂದ ಹಳ್ಳಿ. ಇನ್ನೊಂದು, ಅವನು ಬಂದು ಸೇರಿದ ಹಳ್ಳಿ. ಎರಡನೆಯದರ ಜನ ಎಲ್ಲಿಗೂ ಹೋಗಲಿಲ್ಲ, ಕಂಪ್ಯೂಟರೇ ಅವರ ರಾಗಿ ಹೊಲಕ್ಕೆ ಬಂತು. ಕೆಲವರಿಗೆ ಬಾಡಿಗೆ ಬರುವ ಕಟ್ಟಡಗಳಾದವು. ಕೆಲವರು ತಮ್ಮದೇ ಹೊಲವಿದ್ದ ಜಾಗದ ಗೇಟಿನಲ್ಲಿ ಕಾವಲಿಗೆ ನಿಂತರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ ವಲಯದ ರಸ್ತೆಗಳಲ್ಲಿ ದೋಣಿ, ಟ್ರಾಕ್ಟರುಗಳು ಓಡಾಡಿದಾಗ ಟಿವಿಗಳು ಅದನ್ನು ಐಟಿಯ ಸಂಕಟವೆಂದು ಹೇಳಿದವು. ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿ ಯಾವುದೆಂದು ಗೊತ್ತಿದ್ದ ಹಳಬರನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಯಶಸ್ಸಿನ ಕಥೆಗೆ ಈ ಎರಡನೆಯ ಹಳ್ಳಿ ಕಾಣುವುದಿಲ್ಲ. ಮೊದಲನೆಯದಾದರೂ ಕಾಣುತ್ತದೆಯೇ ಎಂದರೆ, ಅದೂ ಬಡತನದ ಚಿತ್ರವಾಗಿ ಮಾತ್ರ. ಹಳ್ಳಿ ಕೊಟ್ಟದ್ದು ಏನು ಎಂಬ ಲೆಕ್ಕವನ್ನು ಅದು ತೆಗೆಯುವುದಿಲ್ಲ.

ಆ ಲೆಕ್ಕಕ್ಕೆ ನಮಗೆ ಸಿಗುವ ದೊಡ್ಡ ಉದಾಹರಣೆ ಕೆ.ಪಿ. ರಾವ್. 1940ರಲ್ಲಿ ಮಂಗಳೂರಿನ ಬಳಿಯ ಕಿನ್ನಿಕಂಬಳ ಎಂಬ ಹಳ್ಳಿಯಲ್ಲಿ ಹುಟ್ಟಿದ ಪದ್ಮನಾಭ ರಾಯರು ಮುಂಬಯಿ ಸೇರಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್, ಮೊನೊಟೈಪ್ ಇಂಥ ಕಡೆಗಳಲ್ಲಿ ದುಡಿದವರು. ಕಂಪ್ಯೂಟರ್ ಎಂದರೆ ಒಂದು ಕೋಣೆಯನ್ನು ತುಂಬುವ ಯಂತ್ರವಾಗಿದ್ದ ಕಾಲದಿಂದ ಅಂಗೈಯ ಮೊಬೈಲಿನ ಕಾಲದವರೆಗೆ ಅವರ ವೃತ್ತಿಯ ಹರವು ಚಾಚಿಕೊಂಡಿದೆ. ಭಾರತೀಯ ಭಾಷೆಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸದಲ್ಲಿ ಅವರು ಮೊದಲಿಗರಲ್ಲೊಬ್ಬರು. ಆದರೆ ಕನ್ನಡಿಗರು ಅವರನ್ನು ನೆನೆಯುವುದು ಒಂದು ಕೀಲಿಮಣೆಗಾಗಿ. ವಿಮರ್ಶಕರು ಕಾವ್ಯವನ್ನು ಓದುವಂತೆ ಈ ಕೀಲಿಮಣೆಯನ್ನು ಓದಬಹುದೆಂದು ನಮಗನ್ನಿಸುತ್ತದೆ.

ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಬೆರಳು ಒತ್ತುತ್ತಿದ್ದುದು ಆಕಾರಗಳನ್ನು. ತಲಕಟ್ಟು, ಗುಡಿಸು, ಕೊಂಬು, ಒತ್ತು ಎಂದು ಅಕ್ಷರವನ್ನು ತುಂಡುಗಳಾಗಿ ಕಂಡು, ಅವನ್ನು ಒಂದರ ಪಕ್ಕ ಒಂದು ಕೂಡಿಸಬೇಕಿತ್ತು. ಅದನ್ನು ಕಲಿಯಲು ತಿಂಗಳುಗಟ್ಟಲೆ ಟೈಪಿಂಗ್ ಕ್ಲಾಸು. ರಾಯರು ಬೆರಳಿಗೆ ಆಕಾರದ ಬದಲು ಧ್ವನಿಯನ್ನು ಕೊಟ್ಟರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳ ಕೀಲಿಗಳೇ ಸಾಕು. ‘ಕೆ’ ಒತ್ತಿದರೆ ಕ, ಶಿಫ್ಟ್ ಸೇರಿಸಿ ಒತ್ತಿದರೆ ಖ. ‘ಐ’ ಕೀಲಿಯನ್ನು ಪದದ ಮೊದಲಿಗೆ ಒತ್ತಿದರೆ ಇ, ಅದನ್ನೇ ಕ ಆದ ಮೇಲೆ ಒತ್ತಿದರೆ ಕಿ. ಯಾವುದು ಸ್ವರ, ಯಾವುದು ಗುಣಿತದ ಚಿಹ್ನೆ ಎಂಬುದನ್ನು ಯಂತ್ರವೇ ತಿಳಿದುಕೊಳ್ಳುತ್ತದೆ. ಒತ್ತಕ್ಷರ ಬೇಕಾದರೆ ನಡುವೆ ಕೊಂಡಿಯಂಥ ಒಂದು ಕೀಲಿ. ‘ಕನ್ನಡ’ ಎಂದು ಬರೆಯಲು ಕ, ನ, ಕೊಂಡಿ, ನ, ಡ: ಐದೇ ಒತ್ತು.

ಇದನ್ನು ನೋಡಿದ ಕೂಡಲೇ ನಮಗೆ ಹೊಳೆಯುವುದು, ಇದು ಕಾಗುಣಿತವೆಂದು. ಒಂದನೇ ತರಗತಿಯ ಮಕ್ಕಳು ಸಾಲಾಗಿ ಕುಳಿತು ಕ ಕಾ ಕಿ ಕೀ ಎಂದು ರಾಗವಾಗಿ ಹೇಳುವ ಪಾಠವೇ ಇಲ್ಲಿ ತಂತ್ರಾಂಶವಾಗಿದೆ. ವ್ಯಂಜನಕ್ಕೆ ಸ್ವರ ಸೇರಿದರೆ ಗುಣಿತಾಕ್ಷರ, ವ್ಯಂಜನಕ್ಕೆ ವ್ಯಂಜನ ಸೇರಿದರೆ ಸಂಯುಕ್ತಾಕ್ಷರ ಎಂಬ ವ್ಯಾಕರಣವನ್ನು ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆದಿದ್ದರು. ಅದನ್ನೇ ಇವರು ಯಂತ್ರಕ್ಕೆ ಕಲಿಸಿದರು. ತುಳುನಾಡಿನ ಹಳ್ಳಿಗಳಲ್ಲಿ ಮನೆಮಾತು ಒಂದು, ಶಾಲೆಯ ಭಾಷೆ ಇನ್ನೊಂದು. ಪೇಟೆಗೆ ಹೋದರೆ ಕೊಂಕಣಿ, ಬ್ಯಾರಿ. ಹೀಗೆ ಹಲವು ನುಡಿಗಳ ನಡುವೆ ಬೆಳೆದ ಕಿವಿಗೆ ಅಕ್ಷರ ಆಕಾರಕ್ಕಿಂತ ಮೊದಲು ಸದ್ದಾಗಿ ಕೇಳುವುದು ಸಹಜ. ಹಳ್ಳಿಯ ಕಲಿಕೆ ಇಲ್ಲಿ ದಾಟಬೇಕಾದ ಹಳ್ಳವಾಗಲಿಲ್ಲ. ಅದೇ ಬಂಡವಾಳವಾಯಿತು.

ಇನ್ನೂ ಎರಡು ಸಂಗತಿಗಳಿವೆ. ರಾಯರು ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಅದು ದಕ್ಷಿಣ ಕನ್ನಡದ ದೊಡ್ಡ ವ್ಯಾಕರಣ ಮತ್ತು ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು. ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಕನ್ನಡ ಪಂಡಿತರ ಹೆಸರು ಮೂಡಿದ್ದು ಸಣ್ಣ ಮಾತಲ್ಲ. ಎರಡನೆಯದು, ಅದನ್ನು ಅವರು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇದೇ ವಿನ್ಯಾಸವನ್ನು ಬಳಸಿತು, ಸರ್ಕಾರ ಅದನ್ನೇ ಮಾನ್ಯ ಮಾಡಿತು. ಇಂದು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಟೈಪು ಮಾಡುವವರೂ, ಕಥೆ ಬರೆಯುವ ನಮ್ಮಂಥವರೂ ಅದರ ಫಲಾನುಭವಿಗಳು. ಪಡೆದದ್ದನ್ನು ಹೆಸರು ಹೇಳಿ ಒಪ್ಪಿಕೊಳ್ಳುವುದು, ಗಳಿಸಿದ್ದನ್ನು ಹಂಚುವುದು, ಈ ಎರಡೂ ಯಶಸ್ಸಿನ ಕಥೆಗಳಲ್ಲಿ ಅಪರೂಪ.

ಉರ್ದು ಕಲಿತವರಿಗೆ ಇಲ್ಲಿ ಇನ್ನೊಂದು ಹೋಲಿಕೆ ನೆನಪಾಗುತ್ತದೆ. ಉರ್ದುವಿನ ನಸ್ತಲೀಕ್ ಲಿಪಿ ಯಂತ್ರಕ್ಕೆ ಬಗ್ಗದ ಲಿಪಿ. ಅಕ್ಷರ ಅಕ್ಷರದ ಕೈಹಿಡಿದು ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಅದಕ್ಕೇ ಬೆಂಗಳೂರಿನಲ್ಲೂ ಉರ್ದು ಪತ್ರಿಕೆಗಳ ಪುಟಗಳನ್ನು ಬಹುಕಾಲ ಕಾತಿಬರು ಬಿದಿರಿನ ಲೇಖನಿಯಿಂದ ಕೈಯಲ್ಲೇ ಬರೆದರು. ದೆಹಲಿಯಲ್ಲಿ ಹುಟ್ಟಿ ಕರಾಚಿಗೆ ಹೋದ ಮಿರ್ಜಾ ಅಹ್ಮದ್ ಜಮೀಲ್ ಎಂಬ ಕಲಿಗಾರರು, ಅಂದರೆ ಖುಶ್‌ನವೀಸರು, 1980ರ ಸುಮಾರಿಗೆ ಇಪ್ಪತ್ತು ಸಾವಿರದಷ್ಟು ಅಕ್ಷರಜೋಡಣೆಗಳನ್ನು ಕೈಯಿಂದ ಬರೆದು ಕಂಪ್ಯೂಟರಿಗೆ ಒಪ್ಪಿಸಿದರು. ಅದು ಬಂದದ್ದೂ ಮೊನೊಟೈಪ್ ಯಂತ್ರದ ಮೂಲಕವೇ. 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆ ಆ ಅಕ್ಷರದಲ್ಲಿ ಅಚ್ಚಾಯಿತು. ಜಮೀಲರು ತಮ್ಮ ತಂದೆ ನೂರ್ ಅಹ್ಮದರ ನೆನಪಿಗೆ ಅದನ್ನು ‘ನೂರಿ ನಸ್ತಲೀಕ್’ ಎಂದು ಕರೆದರು. ಕನ್ನಡ ಅಕ್ಷರವನ್ನು ಧ್ವನಿಯಾಗಿ ಬಿಡಿಸಿಕೊಂಡಿತು, ಉರ್ದು ಕೈಬರಹದ ಇಡೀ ಆಕಾರವನ್ನೇ ಉಳಿಸಿಕೊಂಡಿತು. ದಾರಿ ಬೇರೆ ಬೇರೆ. ಆದರೆ ಎರಡರಲ್ಲೂ ಹೊಸ ಯಂತ್ರಕ್ಕೆ ಜೀವ ಕೊಟ್ಟದ್ದು ಹಳೆಯ ಉಸ್ತಾದರ ವಿದ್ಯೆ. ಇಲ್ಲೊಂದು ನೋವೂ ಇದೆ. ಈ ಅಕ್ಷರ ಬಂದ ಮೇಲೆ ಕಾತಿಬರ ಅನ್ನ ಹೋಯಿತು. ಯಂತ್ರ ಯಾರ ವಿದ್ಯೆಯಿಂದ ಕಲಿಯಿತೋ ಅವರನ್ನೇ ಮನೆಗೆ ಕಳಿಸಿತು. ಕಂಪ್ಯೂಟರಿನ ಚರಿತ್ರೆ ಬರೆಯುವವರು ಇದನ್ನೂ ಬರೆಯಬೇಕು.

ಇನ್ನು ಕಥನಕ್ಕೆ ಬರೋಣ. ಸಾಫ್ಟ್‌ವೇರ್ ಉದ್ಯೋಗವನ್ನು ಒಳಗಿನಿಂದ ಬಲ್ಲ ಕನ್ನಡ ಕಥೆಗಾರರಲ್ಲಿ ಮೊದಲು ನೆನಪಾಗುವವರು ವಸುಧೇಂದ್ರ. ಬಳ್ಳಾರಿ ಸೀಮೆಯ ಗಣಿಯೂರು ಸಂಡೂರಿನಲ್ಲಿ ಬೆಳೆದು, ಸುರತ್ಕಲ್ಲಿನಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಓದಿ, ಸುಮಾರು ಎರಡು ದಶಕ ಸಾಫ್ಟ್‌ವೇರಿನಲ್ಲಿ ದುಡಿದು, ಆಮೇಲೆ ಬರವಣಿಗೆಗೇ ನಿಂತವರು. ಯಶಸ್ಸಿನ ಕಥೆಗೆ ಬೇಕಾದ ಎಲ್ಲ ಸಾಮಗ್ರಿಯೂ ಅವರಲ್ಲಿತ್ತು. ಅವರು ಆ ಕಥೆಯನ್ನು ಬರೆಯಲಿಲ್ಲ. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ದ ಪ್ರಬಂಧಗಳಲ್ಲಿ ತಾಯಿ ಕಣ್ಣೀರಿನ ಗೊಂಬೆಯಾಗದೆ ಹಟ, ಜಾಣತನ, ಹಾಸ್ಯವಿರುವ ಹೆಂಗಸಾಗಿ ಬರುತ್ತಾಳೆ. ‘ಕೆಂಪು ಗಿಣಿ’ ಕಥೆಯಲ್ಲಿ ಬಿಟ್ಟುಬಂದ ಊರು ನೆನಪಿನ ಹಸಿರಾಗಿ ಉಳಿದಿಲ್ಲ, ಗಣಿಯ ಧೂಳು ಅದನ್ನು ಮುಚ್ಚುತ್ತಿದೆ. ಮಗ ನಗರದಲ್ಲಿ ಬೆಳೆಯುತ್ತಿರುವಾಗ ಊರು ನಿಂತಲ್ಲಿ ನಿಂತಿರುವುದಿಲ್ಲ, ಅದೇ ಜಾಗತಿಕ ಮಾರುಕಟ್ಟೆ ಅದನ್ನೂ ಅಗೆಯುತ್ತಿರುತ್ತದೆ ಎಂಬ ಅರಿವು ನಮ್ಮ ಕಥನಕ್ಕೆ ಮುಖ್ಯ.

2013ರ ‘ಮೋಹನಸ್ವಾಮಿ’ ಇನ್ನೂ ಕಠಿಣವಾದ ಮಾತನ್ನು ಹೇಳುತ್ತದೆ. ಇದರ ನಾಯಕ ಸಣ್ಣ ಊರಿನಿಂದ ಬಂದ ಸಲಿಂಗಪ್ರೇಮಿ. ಊರು ಅವನಿಗೆ ಕೊಟ್ಟದ್ದು ಗೇಲಿ ಮತ್ತು ಭಯ. ಬೆಂಗಳೂರು, ಅದರ ಸಂಬಳ, ಯಾರೂ ಯಾರನ್ನೂ ಕೇಳದ ಅದರ ಫ್ಲಾಟುಗಳು ಅವನಿಗೆ ಆಸರೆಯಾಗುತ್ತವೆ. ಆದರೆ ಒಂಟಿತನವನ್ನು ಕಳೆಯುವುದಿಲ್ಲ. ಈ ಪುಸ್ತಕದ ವಸ್ತುವಿನ ಬಗ್ಗೆ ನಮ್ಮ ಓದುಗರಲ್ಲಿ ಭಿನ್ನ ನಿಲುವುಗಳಿರಬಹುದು. ಆದರೂ ಅದು ಎತ್ತುವ ಪ್ರಶ್ನೆಯನ್ನು ತಳ್ಳಿಹಾಕಲಾಗದು: ಹಳ್ಳಿ ಎಲ್ಲರಿಗೂ ತಾಯಿಯಾಗಿತ್ತೇ? ದಲಿತರನ್ನು ಕೇಳಿದರೂ, ಹೆಣ್ಣುಮಕ್ಕಳನ್ನು ಕೇಳಿದರೂ ಉತ್ತರ ಅಷ್ಟು ಸರಳವಾಗಿರುವುದಿಲ್ಲ. ಹಳ್ಳಿಯನ್ನು ಬಡತನದ ಚಿತ್ರವಾಗಿಸುವುದು ಒಂದು ತಪ್ಪಾದರೆ, ಅದನ್ನು ಕಳೆದುಹೋದ ಸ್ವರ್ಗವಾಗಿಸುವುದು ಇನ್ನೊಂದು ತಪ್ಪು. ವಸುಧೇಂದ್ರರ ಬರಹ ಎರಡರಿಂದಲೂ ತಪ್ಪಿಸಿಕೊಂಡಿದೆ. ‘ಛಂದ ಪುಸ್ತಕ’ದ ಮೂಲಕ ಹೊಸ ಕಥೆಗಾರರ ಮೊದಲ ಪುಸ್ತಕಗಳನ್ನು ಅವರು ಹೊರತಂದದ್ದನ್ನು, ರಾಯರು ಕೀಲಿಮಣೆಯನ್ನು ಹಂಚಿದ್ದರ ಜೊತೆಗಿಟ್ಟು ನೋಡಬೇಕು.

ಆದರೂ ನಮಗೆ ಒಂದು ಕೊರತೆ ಕಾಣುತ್ತದೆ. ಸಾಫ್ಟ್‌ವೇರ್ ಲೋಕದ ಕನ್ನಡ ಕಥೆಗಳಲ್ಲಿ ಒಂಟಿತನ, ದಾಂಪತ್ಯದ ಬಿರುಕು, ಕೆಲಸ ಹೋಗುವ ಭಯ ಚೆನ್ನಾಗಿ ಬಂದಿವೆ. ಏರಿ ಬಂದ ಏಣಿ ಮಾತ್ರ ಅಷ್ಟಾಗಿ ಬಂದಿಲ್ಲ. ಅದು ಹೇಗೆ ಬರಬೇಕು ಎಂಬುದಕ್ಕೆ ಮಾದರಿ ಬೇರೆ ಕಡೆಯಿದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ನೋಡಿ. ಮಾಗಡಿಯ ಹಳ್ಳಿಯಿಂದ ಬೆಂಗಳೂರಿಗೆ ಬಂದ ದಲಿತ ಹುಡುಗನ ಆ ಆತ್ಮಕಥನದಲ್ಲಿ ಹಾಸ್ಟೆಲು ಒಂದು ಪಾತ್ರವೇ ಆಗಿದೆ. ಗೆಳೆಯರು, ಮೇಷ್ಟ್ರುಗಳು, ಚಳವಳಿಗಳು ತುಂಬಿಕೊಂಡಿವೆ. ‘ನಾನು ಏರಿದೆ’ ಎಂಬ ಧ್ವನಿಯೇ ಅಲ್ಲಿಲ್ಲ. ತನ್ನನ್ನೂ ನೋಡಿ ನಗುವ ಹಾಸ್ಯ ಅದನ್ನು ಕಾಪಾಡಿದೆ. ಒಬ್ಬ ಸಾಫ್ಟ್‌ವೇರ್ ಎಂಜಿನಿಯರು ತನ್ನ ‘ಊರುಕೇರಿ’ಯನ್ನು ಬರೆದರೆ ಅದರಲ್ಲಿ ಏನೆಲ್ಲ ಬರಬೇಕಾಗುತ್ತದೆ!

ಸಾರ್ವಜನಿಕ ಸಂಸ್ಥೆಗಳು ಬರಬೇಕಾಗುತ್ತದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದದ್ದನ್ನು ಐಟಿ ಚರಿತ್ರೆಯ ಮೊದಲ ಪುಟವೆಂದು ಹೇಳುವ ರೂಢಿಯಿದೆ. ಅದಕ್ಕೆ ಮೊದಲೇ 1909ರ ವಿಜ್ಞಾನ ಸಂಸ್ಥೆ, 1940ರ ಎಚ್‌ಎಎಲ್, 1948ರ ಐಟಿಐ, 1954ರ ಬಿಇಎಲ್ ಈ ಊರನ್ನು ತಂತ್ರಜ್ಞರ ಊರನ್ನಾಗಿ ಮಾಡಿದ್ದವು. ಜನರ ತೆರಿಗೆಯ ದುಡ್ಡು ಅದರಲ್ಲಿತ್ತು. ಕಂಪ್ಯೂಟರ್ ಹಳ್ಳಿಗೆ ಹೋದ ಕಥೆಯೂ ಬರಬೇಕು. ಸರ್ಕಾರಿ ಸಂಸ್ಥೆ ಸಿ-ಡಾಟ್‌ನ ಎಂಜಿನಿಯರುಗಳು ಹಳ್ಳಿಗಾಗಿಯೇ 128 ಲೈನುಗಳ ಒಂದು ಡಿಜಿಟಲ್ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿದರು. ಎಸಿ ಇಲ್ಲದ ಕೋಣೆಯಲ್ಲಿ, ಧೂಳು ಸೆಕೆಯ ನಡುವೆ ಅದು ನಡೆಯಬೇಕಿತ್ತು. ಅಂಥ ಮೊದಲ ಕೇಂದ್ರ 1986ರಲ್ಲಿ ಆರಂಭವಾದದ್ದು ನಮ್ಮ ಕಿತ್ತೂರಿನಲ್ಲಿ. ಹಳ್ಳಿಯ ಸೆಕೆ ಧೂಳನ್ನು ಲೆಕ್ಕಕ್ಕೆ ತೆಗೆದುಕೊಂಡ ಈ ಎಂಜಿನಿಯರಿಂಗ್, ಹಳ್ಳಿಯಿಂದ ತಪ್ಪಿಸಿಕೊಂಡು ಬಂದೆ ಎನ್ನುವ ಎಂಜಿನಿಯರಿಂಗಿಗಿಂತ ನಮಗೆ ದೊಡ್ಡದಾಗಿ ಕಾಣುತ್ತದೆ.

ಕೊನೆಯದಾಗಿ ನಮ್ಮ ಮನೆಯ ಮಾತು. ಬೊಳುವಾರು, ಕಟ್ಪಾಡಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇವರ ಕಥೆಗಳಲ್ಲಿ ಮುಸ್ಲಿಂ ಮೊಹಲ್ಲಾ, ಮಸೀದಿಯ ಜಮಾತು, ತಲಾಖಿನ ಸಂಕಟ, ಗಲಭೆಯ ಭಯ ಕನ್ನಡಕ್ಕೆ ಬಂದವು. 2025ರಲ್ಲಿ ಬಾನು ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಆ ಪರಂಪರೆಯನ್ನು ಲೋಕ ಕಂಡಿತು. ಆದರೆ ಅದೇ ಮೊಹಲ್ಲಾದಿಂದ ಕಂಪ್ಯೂಟರಿನ ಮುಂದೆ ಕುಳಿತವರ ಕಥೆ ನಮ್ಮಲ್ಲಿ ತೀರ ಕಡಿಮೆ. ಶಿಕ್ಷಣದಲ್ಲೂ ಸರ್ಕಾರಿ ನೌಕರಿಯಲ್ಲೂ ಮುಸ್ಲಿಮರು ಎಷ್ಟು ಹಿಂದಿದ್ದಾರೆಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತು. ಗಾಜಿನ ಕಟ್ಟಡದವರೆಗೆ ಹೋದವರು ಕೆಲವರೇ. ಆದರೆ ಕಂಪ್ಯೂಟರ್ ವೃತ್ತಿ ಎಂದರೆ ಗಾಜಿನ ಕಟ್ಟಡ ಮಾತ್ರವೇ? ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ ಬಿಡಿಭಾಗ ಜೋಡಿಸಿ ಊರೂರಿಗೆ ಕಂಪ್ಯೂಟರ್ ಕಳಿಸಿದ ಹುಡುಗರಿದ್ದಾರೆ. ತಾಲ್ಲೂಕು ಪಟ್ಟಣಗಳ ಡಿಟಿಪಿ ಅಂಗಡಿಗಳಲ್ಲಿ ಬುರ್ಖಾ ತೊಟ್ಟ ಹುಡುಗಿಯರು ನುಡಿ, ಬರಹ ಕಲಿತು ಮದುವೆ ಪತ್ರಿಕೆ, ಕರಪತ್ರ, ಕವನಸಂಕಲನಗಳನ್ನು ಟೈಪು ಮಾಡಿದ್ದಾರೆ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಕಾಗುಣಿತದ ಕೀಲಿಮಣೆ ಅವರಿಗೂ ಒಲಿಯಿತು. ಎಷ್ಟೋ ಕನ್ನಡ ಪುಸ್ತಕಗಳು ಇವರ ಬೆರಳುಗಳಿಂದ ಹಾದು ಬಂದಿವೆ. ಇವರದೂ ದೀರ್ಘ ವೃತ್ತಿಬದುಕೇ. ಅದಕ್ಕೆ ಯಾವ ಪುರವಣಿಯೂ ಪುಟ ಕೊಟ್ಟಿಲ್ಲ.

ಈ ಕೆಲಸಕ್ಕೆ ಈಗ ಸಮಯ ಕಡಿಮೆ ಇದೆ. 1990ರ ದಶಕದಲ್ಲಿ ಹಳ್ಳಿಯಿಂದ ಬಂದ ಮೊದಲ ಸಾಲಿನ ಎಂಜಿನಿಯರುಗಳು ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಮಹದೇವಪುರದ ಅಪಾರ್ಟ್‌ಮೆಂಟುಗಳಲ್ಲಿ ಬೆಳೆದ ಅವರ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮಾತಾಡಲು ಬಂದರೂ ಓದಲು ಬಾರದು. ಉರ್ದು ಮನೆಗಳಲ್ಲೂ ಇದೇ ಸ್ಥಿತಿ, ಮಕ್ಕಳು ಉರ್ದುವನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ. ಅಪ್ಪ ಹೇಗೆ ಬಂದ, ಏನನ್ನು ತಂದ, ಏನನ್ನು ಬಿಟ್ಟ ಎಂಬುದನ್ನು ಅಪ್ಪನ ಭಾಷೆಯಲ್ಲೇ ಬರೆದಿಡದಿದ್ದರೆ, ಉಳಿಯುವುದು ವಿಡಿಯೋಗಳ ಆ ಒಂದು ಕಥೆ ಮಾತ್ರ. ಸಾಫ್ಟ್‌ವೇರಿನಲ್ಲಿ ಕೂದಲು ನರೆತ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮ್ಮ ಕಥೆಯನ್ನು ನೀವೇ ಬರೆಯಿರಿ. ಅದರಲ್ಲಿ ಕಾಗುಣಿತ ಹೇಳಿಕೊಟ್ಟವರಿಗೆ, ಹಾಸ್ಟೆಲಿನಲ್ಲಿ ಬಡಿಸಿದವರಿಗೆ, ನಿಮ್ಮ ಆಫೀಸಿನ ಅಡಿಯ ಹೊಲ ಉತ್ತವರಿಗೆ ಹೆಸರು ಹಿಡಿದು ಜಾಗ ಕೊಡಿ. ಬರೆಯಲು ಬೇಕಾದ ಕೀಲಿಮಣೆಯನ್ನು ಕಿನ್ನಿಕಂಬಳದ ಹಿರಿಯರೊಬ್ಬರು ದುಡ್ಡು ಕೇಳದೆ ಆಗಲೇ ಮಾಡಿಕೊಟ್ಟಿದ್ದಾರೆ.